ಮಾತು ಕೇಳುವ ಟೀವಿ: ಕೊಳ್ಳುವ ಮುನ್ನ ನಾಲ್ಕು ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಈಗ ಇದ್ದಿದ್ದರೆ ಅದರ ಜೊತೆಗೆ ‘ಟೀವಿ ಕೊಂಡು ನೋಡು’ ಅಂತಲೂ ಸೇರಿಸುತ್ತಿದ್ದರೇನೋ! ಚಿತ್ರದುರ್ಗದ ಬಿ.ಡಿ. ರಸ್ತೆಯ ಯಾವುದೇ ದೊಡ್ಡ ಅಂಗಡಿಗೆ ಹೋಗಿ ನಿಂತರೆ ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ನವಿಲು ಕುಣಿಯುತ್ತಿರುತ್ತದೆ. ಎಲ್ಲದಕ್ಕೂ ‘ಸ್ಮಾರ್ಟ್’ ಎಂಬ ಚೀಟಿ. ಒಂದಕ್ಕೆ ಹತ್ತು ಸಾವಿರ, ಅದೇ ಅಳತೆಯ ಪಕ್ಕದ್ದಕ್ಕೆ ಹದಿನಾರು. ಯಾಕಪ್ಪಾ ಈ ವ್ಯತ್ಯಾಸ ಎಂದು ಕೇಳಿದರೆ ಅಂಗಡಿಯ ಹುಡುಗ ಪಟಪಟನೆ ಇಂಗ್ಲಿಷಿನ ಹತ್ತು ಪದ ಹೇಳಿ ಮುಗಿಸುತ್ತಾನೆ. ನಾವು ‘ಹೂಂ’ ಅಂದುಕೊಂಡು ಯಜಮಾನರ ಮುಖ ನೋಡುತ್ತೇವೆ. ಅವರು ಮಗನ ಮುಖ ನೋಡುತ್ತಾರೆ!

ಆದರೆ ಸೋದರಿಯರೇ, ಮನೆಯಲ್ಲಿ ಆ ಟೀವಿಯ ಧೂಳು ಒರೆಸುವವರು ನಾವು, ತಿಂಗಳ ಖರ್ಚಿನ ಲೆಕ್ಕ ಹಾಕುವವರೂ ನಾವು. ಹಾಗಿರುವಾಗ ಆರಿಸುವ ಕೆಲಸದಲ್ಲಿ ಮಾತ್ರ ಹಿಂದೆ ಯಾಕೆ ನಿಲ್ಲಬೇಕು? ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿಸಿ, ಬಣ್ಣ ಬಿಡುತ್ತದೆಯೋ ಎಂದು ಕೇಳಿ, ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳುವ ನಮಗೆ ಟೀವಿ ಪರೀಕ್ಷೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ.

ಅಂದು, ಇಂದು

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. ಮರುವರ್ಷ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ, ದೇಶಕ್ಕೆ ಬಣ್ಣದ ಪ್ರಸಾರ ಬಂತು. 1987ರಲ್ಲಿ ‘ರಾಮಾಯಣ’ ಬರತೊಡಗಿದಾಗ ಭಾನುವಾರ ಬೆಳಗ್ಗೆ ಇಡೀ ಬೀದಿ ಟೀವಿ ಇದ್ದ ಒಂದೇ ಮನೆಯಲ್ಲಿ ಸೇರುತ್ತಿತ್ತು. ಆಗ ಕೊಳ್ಳುವವರ ಮುಂದೆ ಇದ್ದ ಪ್ರಶ್ನೆ ಒಂದೇ: ಕಪ್ಪು ಬಿಳುಪೋ, ಬಣ್ಣದ್ದೋ?

ಈಗಿನ ಟೀವಿ ಒಳಗಿನಿಂದ ಒಂದು ದೊಡ್ಡ ಮೊಬೈಲ್ ಫೋನ್ ಇದ್ದ ಹಾಗೆ. ಅದಕ್ಕೂ ಒಂದು ಪುಟ್ಟ ಮಿದುಳು, ಒಂದಿಷ್ಟು ನೆನಪಿನ ಜಾಗ, ಇಂಟರ್ನೆಟ್ ಹಿಡಿಯುವ ವೈಫೈ ಇರುತ್ತದೆ. ಯೂಟ್ಯೂಬ್, ಜಿಯೋಹಾಟ್‌ಸ್ಟಾರ್, ಝೀ5, ಸನ್ ನೆಕ್ಸ್ಟ್ ಮೊದಲಾದ ಆ್ಯಪುಗಳು ಅದರೊಳಗೇ ತೆರೆದುಕೊಳ್ಳುತ್ತವೆ. ರಾತ್ರಿ ಅಡಿಗೆ ಗಡಿಬಿಡಿಯಲ್ಲಿ ತಪ್ಪಿಹೋದ ಧಾರಾವಾಹಿಯನ್ನು ಮರುದಿನ ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಕುಳಿತು ನೋಡಬಹುದು. ‘ಸ್ಮಾರ್ಟ್’ ಅನ್ನುವ ಪದದ ಅರ್ಥ ಇಷ್ಟೇ.

ಅಳತೆ ಎಷ್ಟಿರಲಿ?

ಟೀವಿಯ ಇಂಚನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯುತ್ತಾರೆ. 32 ಇಂಚು ಎಂದರೆ ಸುಮಾರು 80 ಸೆಂಟಿಮೀಟರು, 43 ಇಂಚು ಎಂದರೆ ಸುಮಾರು 108. ಅಂಗಡಿಗೆ ಹೋಗುವ ಮೊದಲು ನೀವು ಕುಳಿತುಕೊಳ್ಳುವ ಜಾಗದಿಂದ ಟೀವಿ ಇಡುವ ಗೋಡೆಗೆ ಎಷ್ಟು ದೂರ ಎಂದು ಅಳೆದುಕೊಳ್ಳಿ. ನಾಲ್ಕರಿಂದ ಆರು ಅಡಿ ಇದ್ದರೆ 32 ಇಂಚು ಸಾಕು. ಆರರಿಂದ ಎಂಟು ಅಡಿ ಇದ್ದರೆ 43 ಇಂಚು ಚೆಂದ. ಹತ್ತು ಅಡಿಯ ಕೋಣೆಗೆ 55 ಇಂಚಿನದು ತಂದಿಟ್ಟರೆ ಮದುವೆ ಪೆಂಡಾಲಿನಲ್ಲಿ ಸ್ಪೀಕರಿನ ಬುಡದಲ್ಲಿ ಕೂತ ಹಾಗೆ ಆಗುತ್ತದೆ.

ಸಾಧಾರಣವಾಗಿ 32 ಇಂಚಿನದು ಹತ್ತರಿಂದ ಹದಿನೈದು ಸಾವಿರದೊಳಗೆ, 43 ಇಂಚಿನದು ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿಯನ್ನು ಶೇಕಡ 28ರಿಂದ 18ಕ್ಕೆ ಇಳಿಸಿದರು. 32 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಮೊದಲೇ 18 ಇತ್ತು. ತೆರಿಗೆ ಬಿಟ್ಟು 20,000 ರೂಪಾಯಿಯ ಟೀವಿಗೆ ಮೊದಲು 25,600 ಆಗುತ್ತಿದ್ದುದು ಈಗ 23,600 ಆಗುತ್ತದೆ. ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ಎಂದು ಕಣ್ಣಾಡಿಸಿ.

ಚಿತ್ರದ ಸ್ಪಷ್ಟತೆಗೆ ಮೂರು ಹೆಸರುಗಳಿವೆ. ‘ಎಚ್‌ಡಿ ರೆಡಿ’ ಎಂದರೆ 1366 x 768 ಚುಕ್ಕೆ, ‘ಫುಲ್ ಎಚ್‌ಡಿ’ ಎಂದರೆ 1920 x 1080, ‘4ಕೆ’ ಎಂದರೆ 3840 x 2160. ರಂಗೋಲಿಯಲ್ಲಿ ಚುಕ್ಕೆ ಹೆಚ್ಚಿದಷ್ಟೂ ನವುರು ಬರುವಂತೆ ಇಲ್ಲೂ ಅಷ್ಟೆ. 32 ಇಂಚಿಗೆ ಎಚ್‌ಡಿ ರೆಡಿ ನಡೆಯುತ್ತದೆ. ಫುಲ್ ಎಚ್‌ಡಿ ಸಿಕ್ಕರೆ ಒಳ್ಳೆಯದು. 43 ಇಂಚಿಗೆ ಮಾತ್ರ ಎಚ್‌ಡಿ ರೆಡಿ ಬೇಡವೇ ಬೇಡ. ಆ ಅಳತೆಯಲ್ಲಿ ಮುಖದ ಅಂಚು ಗರಗಸದ ಹಾಗೆ ಕಾಣುತ್ತದೆ.

ಬೆಳ್ಳಗಿರೋದೆಲ್ಲ ಹಾಲಲ್ಲ

ಬಹಳ ಮಂದಿ ಎಡವುವುದು ಇಲ್ಲಿ. ಟೀವಿಯ ಒಳಗಿನ ವ್ಯವಸ್ಥೆಗೂ ಹೆಸರುಗಳಿವೆ. ಗೂಗಲ್ ಟೀವಿ, ಫೈರ್ ಟೀವಿ, ಎಲ್‌ಜಿಯವರ ವೆಬ್‌ಓಎಸ್, ಸ್ಯಾಮ್‌ಸಂಗಿನವರ ಟೈಜೆನ್ ಇವೆಲ್ಲ ಅಧಿಕೃತವಾದವು. ಇವಲ್ಲದೆ ಬರೀ ‘ಆಂಡ್ರಾಯ್ಡ್’ ಎಂದು ಪೆಟ್ಟಿಗೆಯ ಮೇಲೆ ಬರೆದು, ಒಳಗೆ ಗೂಗಲ್ಲಿನ ಒಪ್ಪಿಗೆಯಿಲ್ಲದ ವ್ಯವಸ್ಥೆ ಹಾಕಿದ ಅಗ್ಗದ ಟೀವಿಗಳೂ ಇರುತ್ತವೆ. ಅವುಗಳಲ್ಲಿ ಪ್ಲೇ ಸ್ಟೋರ್ ಇರುವುದಿಲ್ಲ ಅಥವಾ ಹೆಸರಿಗೆ ಮಾತ್ರ ಇರುತ್ತದೆ. ತಂದಾಗ ಓಡಿದ ಆ್ಯಪು ಆರು ತಿಂಗಳಿಗೆ ‘ಹೊಸದು ಹಾಕಿಕೊಳ್ಳಿ’ ಎಂದು ಹಟ ಹಿಡಿಯುತ್ತದೆ, ಹೊಸದು ಬರುವುದಿಲ್ಲ. ಆಮೇಲೆ ಆ ಟೀವಿ ಹಾಲು ಬತ್ತಿದ ಎಮ್ಮೆ!

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಪ್ಲೇ ಸ್ಟೋರ್ ಅಥವಾ ಆ್ಯಪುಗಳ ಪುಟ ತೆರೆಸಿ, ನೀವು ನೋಡುವ ಆ್ಯಪನ್ನು ನಿಮ್ಮೆದುರೇ ಹಾಕಿಸಿ, ಓಡಿಸಿ ತೋರಿಸಲು ಹೇಳಿ. ‘ಮನೆಗೆ ಬಂದು ಹಾಕಿಕೊಡ್ತೀವಿ ಮೇಡಂ’ ಎಂದರೆ ಒಪ್ಪಬೇಡಿ.

ನೆನಪಿನ ಜಾಗವನ್ನೂ ಕೇಳಿ. ‘ರ್‍ಯಾಮ್ ಎಷ್ಟು?’ ಎಂಬ ಒಂದು ಪ್ರಶ್ನೆ ಸಾಕು, ಹುಡುಗ ನೆಟ್ಟಗೆ ನಿಲ್ಲುತ್ತಾನೆ. 1 ಜಿಬಿ ಇದ್ದರೆ ಒಂದೆರಡು ವರ್ಷಕ್ಕೆ ಟೀವಿ ತೂಕಡಿಸುತ್ತದೆ. ಗುಂಡಿ ಒತ್ತಿ ಒಲೆ ಮೇಲಿನ ಸಾರು ನೋಡಿ ಬಂದರೂ ಆ್ಯಪು ತೆರೆದಿರುವುದಿಲ್ಲ. 32 ಇಂಚಿಗೆ ಒಂದೂವರೆ, 43 ಇಂಚಿಗೆ 2 ಜಿಬಿ ಇರಲಿ. ಒಳಗೆ ಶೇಖರಣೆಗೆ 8 ಜಿಬಿ ಕನಿಷ್ಠ.

ಅದರ ಜೊತೆಗೆ ಹಿಂಬದಿಯಲ್ಲಿ ಎಚ್‌ಡಿಎಂಐ ತೂತು ಎರಡಾದರೂ ಇರಬೇಕು. ಸೆಟ್‌ಟಾಪ್ ಬಾಕ್ಸಿಗೆ ಒಂದು, ಮುಂದೆ ಬೇಕಾದೀತು ಎಂದು ಇನ್ನೊಂದು. ಚಿತ್ರ ಓಡುತ್ತಿರುವಾಗ ಎಡಕ್ಕೂ ಬಲಕ್ಕೂ ಸರಿದು ಪಕ್ಕದಿಂದ ನೋಡಿ. ಕೆಲವದರಲ್ಲಿ ಪಕ್ಕದಿಂದ ನೋಡಿದರೆ ಬಣ್ಣ ಮಂಕಾಗುತ್ತದೆ. ಮನೆಯಲ್ಲಿ ಎಲ್ಲರೂ ಸಾಲಾಗಿ ನಟ್ಟನಡುವೆ ಕೂರುತ್ತಾರೆಯೇ? ತರಕಾರಿ ಹೆಚ್ಚುತ್ತ ಅಡಿಗೆಮನೆ ಬಾಗಿಲಲ್ಲಿ ಕೂತು ಓರೆಯಾಗಿ ನೋಡುವವರು ನಾವೇ ತಾನೆ!

ಮಾತು ಕೇಳುವ ರಿಮೋಟು

ಈಗಿನ ರಿಮೋಟಿನಲ್ಲಿ ಮೈಕಿನ ಚಿತ್ರವಿರುವ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ, ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಆಯಿತು. ನಮ್ಮ ದನಿ ಇಂಟರ್ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಕ್ಷರವಾಗಿ, ಹುಡುಕಿಸಿಕೊಂಡು ಉತ್ತರ ತರುತ್ತದೆ. ಆದ್ದರಿಂದ ಇಂಟರ್ನೆಟ್ ಇಲ್ಲದಿದ್ದರೆ ಟೀವಿ ಕಿವುಡು.

ಇದು ಬರೀ ಷೋಕಿ ಎಂದು ತಳ್ಳಿಹಾಕಬೇಡಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಮನೆಗಳನ್ನು ನೆನಸಿಕೊಳ್ಳಿ. ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅತ್ತೆಯೋ ಅಜ್ಜಿಯೋ ಇರುತ್ತಾರೆ. ಪರದೆಯ ಮೇಲಿನ ಅಕ್ಷರ ಓದಲು ಬರುವುದಿಲ್ಲ, ಬಾಣದ ಗುಂಡಿ ಒತ್ತಿ ಒಂದೊಂದೇ ಅಕ್ಷರ ಆರಿಸುವುದಂತೂ ದೂರದ ಮಾತು. ಮೊಮ್ಮಗ ಶಾಲೆಯಿಂದ ಬರುವ ತನಕ ಟೀವಿ ಎದುರಿಗಿದ್ದೂ ಇಲ್ಲದ ಹಾಗೆ. ಅಂಥವರ ಕೈಗೆ ಈ ಗುಂಡಿ ಕೊಟ್ಟು ನೋಡಿ. ನನಗೆ ಗೊತ್ತಿರುವ ಒಬ್ಬ ಹಿರಿಯ ಹೆಂಗಸು ಮೊದಲ ದಿನ ರಿಮೋಟನ್ನು ಬಾಯಿಗೆ ಹಿಡಿದು, ‘ಏನಪ್ಪಾ, ಆ ನಾಗರಹಾವು ಸಿನಿಮಾ ಐತಲ್ಲ, ಅದನ್ನ ವಸಿ ಹಾಕು’ ಅಂದರು. ಹಾಕಿತು! ‘ಅಯ್ಯೋ ನನ್ ಮಾತೂ ಕೇಳ್ತೈತಲ್ಲೇ!’ ಎಂದು ಅವರು ಬಾಯ ಮೇಲೆ ಕೈಯಿಟ್ಟುಕೊಂಡರು. ಮನೆಯಲ್ಲಿ ಯಾರೂ ತಮ್ಮ ಮಾತು ಕೇಳುವುದಿಲ್ಲ ಎಂಬ ಕೊರಗು ವಯಸ್ಸಾದವರಿಗೆ ಇದ್ದದ್ದೇ ಅಲ್ಲವೇ!

‘ನಾಗರಹಾವು’ ಎಂದೆನಲ್ಲ, 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳಿಂದ ಮಾಡಿದ ಆ ಚಿತ್ರದಲ್ಲಿ ನಮ್ಮ ದುರ್ಗದ ಕೋಟೆಯೂ ಒಂದು ಪಾತ್ರವೇ. ಅಂಗಡಿಯಲ್ಲಿ ಮೈಕಿನ ಪರೀಕ್ಷೆಗೆ ಇಂಥ ಹೆಸರುಗಳನ್ನೇ ಬಳಸಿ. ‘ನಾಗರಹಾವು ಸಿನಿಮಾ’, ‘ವಾಣಿವಿಲಾಸ ಸಾಗರ ಕೋಡಿ’, ‘ಅವರೆಕಾಳು ಉಪ್ಪಿಟ್ಟು ಮಾಡುವ ವಿಧಾನ’ ಎಂದು ನಿಮ್ಮ ಎಂದಿನ ದನಿಯಲ್ಲೇ ಹೇಳಿ. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ, ಹಿರಿಯೂರಿನ ಮಾರಿಕಣಿವೆ ಕೋಡಿ ಬಿದ್ದ ದೃಶ್ಯ ಬಂದರೆ ಮೈಕು ಪಾಸು!

ಒಂದು ಎಚ್ಚರಿಕೆ. ಪೂರ್ತಿ ಕನ್ನಡ ವಾಕ್ಯ ಎಲ್ಲ ಟೀವಿಗಳಿಗೂ ಅರ್ಥವಾಗುವುದಿಲ್ಲ. ‘ಸೌಂಡು ಕಮ್ಮಿ ಮಾಡು’, ‘ಆಫ್ ಮಾಡು’ ಇಂಥ ಅಪ್ಪಣೆಗೆ ಕೆಲವಕ್ಕೆ ಇಂಗ್ಲಿಷೋ ಹಿಂದಿಯೋ ಬೇಕು. ಹಾಡಿನ, ಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಬಹಳ ಸಲ ಯೂಟ್ಯೂಬಿನಲ್ಲಿ ಸಿಗುತ್ತದೆ. ನಿಮ್ಮ ಮನೆಗೆ ಬೇಕಾದ ಮಾತು ಅದಕ್ಕೆ ತಿಳಿಯುತ್ತದೋ ಇಲ್ಲವೋ, ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಅತ್ತೆಯವರನ್ನೇ ಅಂಗಡಿಗೆ ಕರೆದುಕೊಂಡು ಹೋದರೆ ಇನ್ನೂ ಮೇಲು.

ಮಕ್ಕಳ ವಿಷಯವೂ ಇದೆ. ಬಾಯಲ್ಲಿ ಕೇಳಿದ್ದೆಲ್ಲ ಬರುತ್ತದೆಂದರೆ ನಾಲ್ಕು ವರ್ಷದ ಮಗು ಕೇಳಿದ್ದೂ ಬರುತ್ತದೆ. ಟೀವಿಯಲ್ಲಿ ಮಕ್ಕಳಿಗೆಂದೇ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರದಕ್ಕೆ ಗುಟ್ಟಿನ ಅಂಕಿಯ ಬೀಗ ಹಾಕಿಸಿ. ಟೀವಿ ಜೋಡಿಸಲು ಬಂದ ದಿನವೇ ಇದನ್ನು ಮಾಡಿಸಿಬಿಡಿ.

ಎಮ್ಮೆಗಿಂತ ಹಿಂಡಿಯ ಖರ್ಚು

ಎಮ್ಮೆ ಕೊಳ್ಳುವುದು ಒಂದು ದಿನದ ಖರ್ಚು, ಹುಲ್ಲು ಹಿಂಡಿ ದಿನದಿನದ ಖರ್ಚು. ಈ ಟೀವಿಯ ಹಿಂಡಿ ಎಂದರೆ ಇಂಟರ್ನೆಟ್. ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3 ಜಿಬಿಯವರೆಗೆ ತಿನ್ನುತ್ತದೆ, 4ಕೆ ಆದರೆ 7 ಜಿಬಿಯವರೆಗೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟರೆ ನಲವತ್ತು ನಿಮಿಷಕ್ಕೆ ಖಾಲಿ! ದಿನಕ್ಕೆರಡು ಗಂಟೆ ನೋಡುವ ಮನೆಗೆ ತಿಂಗಳಿಗೆ 180 ಜಿಬಿ ಬೇಕಾದೀತು. ಹೀಗಾಗಿ ಬಿಎಸ್‌ಎನ್‌ಎಲ್ ಫೈಬರೋ, ಖಾಸಗಿಯವರದೋ, ಮನೆಗೆ ಪ್ರತ್ಯೇಕ ಸಂಪರ್ಕ ಇದ್ದರೇ ಇದು ಸುಖ. ನಿಮ್ಮ ಬೀದಿಗೆ ಯಾವ ಲೈನು ಬಂದಿದೆ ಎಂದು ಮೊದಲು ವಿಚಾರಿಸಿ, ಟೀವಿ ಆಮೇಲೆ.

ಲೆಕ್ಕ ಹಾಕೋಣ. ಟೀವಿಗೆ 14,000. ಇಂಟರ್ನೆಟ್ಟಿಗೆ ತಿಂಗಳಿಗೆ 500 ಹಿಡಿದರೆ ಮೂರು ವರ್ಷಕ್ಕೆ 18,000. ಟೀವಿಗಿಂತ ಹಿಂಡಿಯೇ ಹೆಚ್ಚಾಯಿತು! ಮೇಲೆ ಆ್ಯಪುಗಳ ಚಂದಾ ಬೇರೆ. ಇದರಲ್ಲಿ ಮೂರು ಕಡೆ ಜಾಣತನ ತೋರಿಸಬಹುದು.

ಮೊದಲನೆಯದು, ಅಗ್ಗದ ‘ಮೊಬೈಲ್ ಪ್ಲಾನ್’ ಹಾಕಿಸಿಕೊಂಡರೆ ಅದು ಫೋನಿನಲ್ಲಿ ಮಾತ್ರ ಓಡುತ್ತದೆ, ಟೀವಿಯಲ್ಲಿ ಓಡುವುದಿಲ್ಲ. ‘ಟೀವಿಗೂ ಆಗುತ್ತಾ?’ ಎಂದು ಕೇಳಿಯೇ ದುಡ್ಡು ಕಟ್ಟಿ. ಎರಡನೆಯದು, ಬಹಳ ಚಂದಾಗಳು ತಾವಾಗಿಯೇ ನವೀಕರಣಗೊಂಡು ಬ್ಯಾಂಕಿನಿಂದ ಹಣ ಎಳೆದುಕೊಳ್ಳುತ್ತವೆ. ಯುಪಿಐನಲ್ಲಿ ‘ಆಟೋಪೇ’ ಎಂಬಲ್ಲಿ ನೋಡಿ, ಬೇಡವಾದದ್ದನ್ನು ರದ್ದು ಮಾಡಿ. ಪರೀಕ್ಷೆಯ ತಿಂಗಳಲ್ಲಿ ಚಂದಾ ನಿಲ್ಲಿಸಿದರೆ ಮಕ್ಕಳಿಗೂ ಒಳ್ಳೆಯದು, ಪರ್ಸಿಗೂ ಒಳ್ಳೆಯದು. ಮೂರನೆಯದು, ಬಿಟ್ಟಿ ಸಿಗುವುದನ್ನು ಮರೆಯಬೇಡಿ. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ. ಬುಟ್ಟಿ, ಬಾಕ್ಸಿಗೆ ಒಮ್ಮೆ ಕೊಟ್ಟರೆ ಚಂದನ ಬರುತ್ತಿರುತ್ತದೆ. ಪ್ರಸಾರ ಭಾರತಿಯವರು 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ಆ್ಯಪನ್ನೂ ಶುರು ಮಾಡಿದ್ದಾರೆ.

ಇನ್ನೊಂದು ಗುಟ್ಟು: ನಿಮ್ಮ ಮನೆಯ ಹಳೆಯ ಎಲ್‌ಇಡಿ ಟೀವಿ ಚೆನ್ನಾಗಿದ್ದು, ಅದರ ಹಿಂದೆ ಎಚ್‌ಡಿಎಂಐ ತೂತು ಇದ್ದರೆ ಹೊಸ ಟೀವಿಯೇ ಬೇಕಿಲ್ಲ. ಅದಕ್ಕೆ ಚುಚ್ಚುವ ಸ್ಟಿಕ್ ಅಥವಾ ಪುಟ್ಟ ಬಾಕ್ಸು ಸುಮಾರು ಮೂರರಿಂದ ಐದು ಸಾವಿರಕ್ಕೆ ಮೈಕಿನ ರಿಮೋಟಿನೊಂದಿಗೇ ಸಿಗುತ್ತದೆ. ಉಳಿದ ಹತ್ತು ಸಾವಿರಕ್ಕೆ ಮನೆಯಲ್ಲಿ ನೂರೆಂಟು ದಾರಿ ಕಾದಿರುತ್ತವೆ.

ಕರೆಂಟಿನ ಮಾತು

ನಮ್ಮ ಚಿತ್ರದುರ್ಗದ ಬೆಟ್ಟಗಳ ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುತ್ತಿದ್ದರೂ ಮನೆಯಲ್ಲಿ ದೀಪ ಆಗಾಗ ಕಣ್ಣು ಮಿಟುಕಿಸುವುದು ತಪ್ಪಿಲ್ಲ. ಪಂಪ್‌ಸೆಟ್ಟುಗಳಿರುವ ಕಡೆ ವೋಲ್ಟೇಜು ಏರಿಳಿಯುತ್ತದೆ. ಅಂಥಲ್ಲಿ ಟೀವಿಗೆಂದೇ ಒಂದು ಸ್ಟೆಬಿಲೈಸರ್ ಇಡಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೂ ಡಿಶ್ಶಿನ ವೈರನ್ನೂ ಕಿತ್ತಿಡಿ. ಸಿಡಿಲು ವೈರು ಹಿಡಿದು ಬಂದರೆ ಯಾವ ಗ್ಯಾರಂಟಿಯೂ ಕಾಯುವುದಿಲ್ಲ.

32 ಇಂಚಿನ ಟೀವಿ ಸುಮಾರು 50 ವಾಟ್ ತಿಂದರೆ ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ ಏಳೂವರೆ ಯುನಿಟ್. 43 ಇಂಚಿನದು ಸುಮಾರು 90 ವಾಟ್ ಎಂದರೆ ಹದಿಮೂರೂವರೆ ಯುನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಮಾಡಿರುವ ಮಿತಿಯ ಅಂಚಿನಲ್ಲಿ ನೀವಿದ್ದರೆ ಈ ಆರು ಯುನಿಟ್ಟೂ ಲೆಕ್ಕಕ್ಕೆ ಬರುತ್ತದೆ. ಬೆಸ್ಕಾಂ ಬಿಲ್ಲು ನೋಡಿ, ಎಷ್ಟು ಜಾಗ ಉಳಿದಿದೆ ಎಂದು ತಿಳಿದುಕೊಂಡು ಹೊರಡಿ. ಟೀವಿಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರೆ. ವರ್ಷಕ್ಕೆ ಎಷ್ಟು ಯುನಿಟ್ ಎಂದು ಅದರಲ್ಲೇ ಬರೆದಿರುತ್ತದೆ. ನಕ್ಷತ್ರ ಹೆಚ್ಚಿದಷ್ಟೂ ಕರೆಂಟು ಕಮ್ಮಿ.

ಅಂಗಡಿ ಬಿಡುವ ಮೊದಲು

ಟೀವಿಯ ಬೆಲೆಯಲ್ಲಿ ದೊಡ್ಡ ಪಾಲು ಎದುರಿನ ಪರದೆಯದೇ. ಅದು ಒಡೆದರೆ ರಿಪೇರಿಗಿಂತ ಹೊಸ ಟೀವಿಯೇ ವಾಸಿ ಎನ್ನುವಷ್ಟು ಖರ್ಚು. ನಮ್ಮ ಕೈತಪ್ಪಿನಿಂದ ಒಡೆದದ್ದಕ್ಕೆ ವಾರಂಟಿ ಇರುವುದಿಲ್ಲ. ಹಾಗಾಗಿ ಕೇಳಿ:

ವಾರಂಟಿ ಎಷ್ಟು ವರ್ಷ? ಪರದೆಗೂ ಅಷ್ಟೇ ಇದೆಯೇ?

ಕೆಟ್ಟರೆ ಮನೆಗೇ ಬಂದು ನೋಡುತ್ತಾರೆಯೇ, ಹೊತ್ತುಕೊಂಡು ಹೋಗಬೇಕೇ? ಹೊಸದುರ್ಗಕ್ಕೋ ಹಿರಿಯೂರಿಗೋ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ? ಆನ್‌ಲೈನಿನಲ್ಲಿ ತರಿಸುವುದಾದರೆ ನಿಮ್ಮ ಪಿನ್‌ಕೋಡಿಗೆ ಸರ್ವಿಸ್ ಇದೆಯೇ?

ಗೋಡೆಗೆ ಹಾಕುವ ಸ್ಟ್ಯಾಂಡಿಗೆ, ಜೋಡಣೆಗೆ ಬೇರೆ ಹಣವೇ? ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ಗೋಡೆಗೆ ಹಾಕಿಸುವ ಆಸೆ ಬೇಡ. ಮೇಜಿನ ಮೇಲಿಡಿ.

ಮೈಕಿನ ರಿಮೋಟು ಹಾಳಾದರೆ ಬೇರೆ ಸಿಗುತ್ತದೆಯೇ, ಎಷ್ಟಕ್ಕೆ? ಗೂಗಲ್ ಟೀವಿಯಾದರೆ ನಿಮ್ಮ ಮೊಬೈಲನ್ನೇ ರಿಮೋಟಿನಂತೆ ಬಳಸಲು ಬರುತ್ತದೆ ಎಂಬುದೂ ನೆನಪಿರಲಿ.

ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ಅಲ್ಲೇ ಪರೀಕ್ಷಿಸಬಹುದು.

ಕಂತಿನಲ್ಲಿ ಕೊಳ್ಳುವವರು ‘ಬಡ್ಡಿಯಿಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಪ್ರೊಸೆಸಿಂಗ್ ಚಾರ್ಜು ಎಷ್ಟು, ನಗದು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋಲಿಸಿ. ಗೃಹಲಕ್ಷ್ಮಿಯ ಎರಡೆರಡು ಸಾವಿರವನ್ನು ಮುಟ್ಟದೆ ಕೂಡಿಟ್ಟವರು ಎಷ್ಟೋ ಮಂದಿ ಇದ್ದೀರಿ. ಏಳೆಂಟು ತಿಂಗಳು ತಡೆದರೆ ಕಂತಿನ ಗೊಡವೆಯೇ ಇಲ್ಲದೆ 32 ಇಂಚಿನದು ಮನೆಗೆ ಬರುತ್ತದೆ, ಅದೂ ನಿಮ್ಮ ಹೆಸರಿನ ಬಿಲ್ಲಿನಲ್ಲಿ.

ಆ ಬಿಲ್ಲನ್ನು ಜೋಪಾನವಾಗಿಡಿ. ಮೋಸವಾಯಿತೆನಿಸಿದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಬಗೆಹರಿಯದಿದ್ದರೆ ಚಿತ್ರದುರ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಐದು ಲಕ್ಷದವರೆಗಿನ ಸರಕಿಗೆ ಶುಲ್ಕವಿಲ್ಲ.

ಮನೆಗೆ ಬಂದ ಮೇಲೆ

ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗಾಜು ಒರೆಸುವ ದ್ರಾವಣ ಚಿಮುಕಿಸಲೇಬೇಡಿ. ಮೆತ್ತನೆಯ ಒಣಬಟ್ಟೆ ಸಾಕು. ಹಿಂದಿನ ದಪ್ಪ ಟೀವಿಯ ಮೇಲೆ ಕ್ರೋಷಾ ಹೊದಿಕೆ ಹಾಸಿ, ಹೂದಾನಿ ಇಡುತ್ತಿದ್ದೆವು. ಈಗಿನದರ ತಲೆಯ ಮೇಲೆ ಜಾಗವೂ ಇಲ್ಲ, ಹೊದಿಕೆ ಹಾಕಿ ಅದರ ಗಾಳಿ ಕಿಂಡಿ ಮುಚ್ಚಲೂಬಾರದು. ವೈಫೈ ಪೆಟ್ಟಿಗೆಯನ್ನು ಟೀವಿ ಇರುವ ಕೋಣೆಯಲ್ಲೇ ಇಡಿ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ ದಾಟಿ ಬರುವಷ್ಟರಲ್ಲಿ ಅದರ ಶಕ್ತಿ ಅರ್ಧವಾಗಿರುತ್ತದೆ.

ಎಷ್ಟೇ ಒಳ್ಳೆಯ ಟೀವಿ ಬಂದರೂ ಸಾಣೇಹಳ್ಳಿಯ ಬಯಲಲ್ಲಿ ಕೂತು ನಾಟಕ ನೋಡುವ ಸುಖ ಅದರಿಂದ ಸಿಗದು. ಊಟದ ಹೊತ್ತಿಗೆ ಟೀವಿ ಆರಿಸುವ ನಿಯಮವೊಂದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಮಧ್ಯಾಹ್ನದ ಒಂದು ಗಂಟೆ ಮಾತ್ರ ರಿಮೋಟು ಅಮ್ಮನದು ಎಂಬ ನಿಯಮವನ್ನೂ ಅದರ ಜೊತೆಗೇ ಸೇರಿಸಿಬಿಡಿ. ಇಷ್ಟೆಲ್ಲ ವಿಚಾರಿಸಿ ತಂದ ಮೇಲೆ ಅಷ್ಟು ಹಕ್ಕು ನಮಗೆ ಬೇಡವೇ?